ನೀರು ಮುಟ್ಟಿಸದ ಕಲ್ಲು

ಹೋದ ವಾರ ಬಚ್ಚಲಿನಲ್ಲಿ ಹಿಮ್ಮಡಿ ಉಜ್ಜುವ ಕಲ್ಲು ಕೈಜಾರಿ ಬಕೆಟ್ಟಿನೊಳಗೆ ಬಿತ್ತು. ಸೊಸೆ ಬಜಾರಿನಿಂದ ತಂದಿಟ್ಟಿದ್ದ ಬೂದು ಬಣ್ಣದ, ಮೈತುಂಬ ತೂತುಗಳ ಕಲ್ಲು. ತಳ ಸೇರಿರುತ್ತದೆಂದು ಕೈ ಇಳಿಸಿದೆ. ಅದು ಮುಳುಗಿರಲೇ ಇಲ್ಲ. ನನ್ನ ಮಣಿಕಟ್ಟಿನ ಪಕ್ಕದಲ್ಲಿ ನಿಧಾನವಾಗಿ ತಿರುಗುತ್ತ ತೇಲುತ್ತಿತ್ತು. ಒತ್ತಿ ಮುಳುಗಿಸಿದೆ. ಬಿಟ್ಟ ಕೂಡಲೇ ಮೇಲೆ ಬಂತು. ನೀರು ಆರುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ...

ಬಳ್ಳಾರಿಯಲ್ಲಿ ನಮ್ಮ ಪಕ್ಕದ ಮನೆಯ ಡ್ರೈವರ್ ಮಾವನ ಹತ್ತಿರ ಇಂಥದೇ ಒಂದು ಕಲ್ಲಿತ್ತು. ‘ಇಂಥದೇ’ ಎನ್ನುವುದು ಈಗಿನ ಮಾತು. ನಾಲ್ಕೈದು ದಶಕಗಳ ಹಿಂದೆ ಎರಡು ಮೂರು ಸಲ ಕಂಡ ಕಲ್ಲಿನ ಬಣ್ಣ ನನಗೆ ನಿಜವಾಗಿ ನೆನಪಿದೆಯೋ, ಬಕೆಟ್ಟಿನ ಕಲ್ಲು ಆ ಹಳೆಯ ಕಲ್ಲಿಗೆ ತನ್ನ ಬಣ್ಣ ಬಳಿಯಿತೋ ಹೇಳಲಾರೆ. ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅಷ್ಟು ನೆಚ್ಚಿಕೆ ಇಲ್ಲ.

ಅವರು ರಕ್ತಸಂಬಂಧದ ಮಾವನಲ್ಲ. ಮನೆಯೊಳಗೆ ತೆಲುಗು, ಓಣಿಯಲ್ಲಿ ಕನ್ನಡ ಆಡುವ ಮನೆತನದವರು. ಸಿರುಗುಪ್ಪದ ನಮ್ಮ ದೊಡ್ಡವ್ವನ ಒಬ್ಬನೇ ಮಗ ಮೋಟಾರು ಕೆಲಸ ಕಲಿಯಲು ನಮ್ಮ ಮನೆಯಲ್ಲಿ ಬಂದು ಇದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಅವನಿಗೂ ಪಕ್ಕದ ಮನೆಯ ಮಾವನಿಗೂ ಒಂದೇ ಜೀವ. ಎರಡನೇ ಮಹಾಯುದ್ಧ ಬಂದಾಗ ಇಬ್ಬರೂ ಒಂದೇ ದಿನ ದಂಡಿಗೆ ಸೇರಿ ಲಾರಿ ಡ್ರೈವರುಗಳಾಗಿ ಹಡಗು ಹತ್ತಿದರು. ಇಟಲಿಯಿಂದ ಅಣ್ಣನ ಸಾವಿನ ತಂತಿ ಬಂತು. ಜ್ವರದಿಂದ ಆಸ್ಪತ್ರೆಯಲ್ಲಿ, ಎಂದಷ್ಟೇ ಅದರಲ್ಲಿತ್ತು. ಯುದ್ಧ ಮುಗಿದ ಮರುವರ್ಷ ಮಾವ ಒಬ್ಬರೇ ಮರಳಿದರು.

ಆಗ ನಾನು ಮದರಾಸಿನಲ್ಲಿ ಬಿ.ಎ. ಓದುತ್ತ ಬೇಸಿಗೆ ರಜೆಗೆ ಬಂದಿದ್ದೆ. ಯಾರು ಏನು ಹೇಳಿದರೂ ‘ಹೇಗೆ ಗೊತ್ತು?’ ಎಂದು ಕೇಳುವುದನ್ನು ಹೊಸದಾಗಿ ಕಲಿತಿದ್ದೆ. ಮಾವ ನಮ್ಮ ಕಟ್ಟೆಯ ಮೇಲೆ ಕೂತು ಆ ದೇಶದ ಬೆಂಕಿಗುಡ್ಡದ ಕತೆ ಹೇಳಿದರು. ರಜೆಯ ಮೇಲಿದ್ದ ಸಿಪಾಯಿಗಳನ್ನು ಲಾರಿಯಲ್ಲಿ ಬುಡದವರೆಗೆ ಬಿಡುತ್ತಿದ್ದರಂತೆ. ಅಲ್ಲಿಂದ ದಾರಿ ತೋರಿಸಲು ಊರಿನ ಒಬ್ಬ ಮುದುಕ. ಒಂದು ಪೊಟ್ಟಣ ಸಿಗರೇಟಿಗೆ ಒಪ್ಪತ್ತಿನ ದಾರಿ ಹತ್ತಿಸಿ ಇಳಿಸಿಕೊಂಡು ಬರುತ್ತಿದ್ದನಂತೆ. ಕಾಲಿಟ್ಟಲ್ಲಿ ಬೂದಿ ಕುಸಿಯುತ್ತದೆ, ಮೂರು ಹೆಜ್ಜೆ ಏರಿದರೆ ಎರಡು ಜಾರುತ್ತದೆ, ಬಿರುಕುಗಳಿಂದ ಗಂಧಕದ ಹೊಗೆ ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಂದು ಬಿರುಕಿನಲ್ಲಿ ಮುದುಕ ಮೊಟ್ಟೆ ಬೇಯಿಸಿಕೊಟ್ಟ. ಅಣ್ಣ ಮೊಟ್ಟೆ ಮುಟ್ಟುವವನಲ್ಲ, ಬೆಚ್ಚಗಿನ ಕಲ್ಲಿಗೆ ಬೆನ್ನು ಕೊಟ್ಟು ನಗುತ್ತ ಕೂತಿದ್ದನಂತೆ.

“‘ನಮ್ಮವ್ವನ್ನ ಇಲ್ಲಿ ಕರಕೊಂಡು ಬಂದು ರೊಟ್ಟಿ ಬಡಿಸಬೇಕಲೇ, ಕಟಗಿ ಉಳೀತಾವ’ ಅಂದ” ಎಂದು ಹೇಳಿ ಮಾವ ತಾವೇ ನಕ್ಕರು. ನಗು ಬಹಳ ಹೊತ್ತು ಇರಲಿಲ್ಲ.

ಆಮೇಲೆ ಕರವಸ್ತ್ರ ಬಿಚ್ಚಿ ಕಲ್ಲು ತೋರಿಸಿದರು. ಆ ಗುಡ್ಡದ ಕಲ್ಲು, ನೀರಿನಲ್ಲಿ ತೇಲುತ್ತದೆ ಎಂದರು. ಕೈಯಲ್ಲಿ ಹಿಡಿದರೆ ಸುಮಾರು ಹಗುರವಾಗಿತ್ತು ನಿಜ. ಆದರೆ ಮೇಲೆಲ್ಲ ಮೇಣ ಮೆತ್ತಿತ್ತು.

“ಮಾವಾ, ತೇಲತೈತಿ ಅಂತೀರಲ್ಲ, ಬೋಗುಣ್ಯಾಗ ನೀರು ತರ್ಲೇನು?”

“ಬ್ಯಾಡ.” ಕಲ್ಲು ಆಗಲೇ ನನ್ನ ಕೈಯಿಂದ ಅವರ ಕೈಗೆ ಹೋಗಿತ್ತು.

“ಯಾಕ? ನೋಡಿದ್ರ ಗೊತ್ತಾಗತೈತಲ್ಲ.”

“ನಿಮ್ಮ ಕಾಲೇಜಿನಾಗ ಕಲ್ಲು ತೇಲಿಸಿ ಪಾಸು ಮಾಡತಾರೇನಲೇ, ಬಿ.ಎ. ಅಳಿಯಾ? ನಂಬಿದ್ರ ನಂಬು, ಬಿಟ್ರ ಬಿಡು.”

ನಾನು ಬಿಟ್ಟೆ. ಇಂಥ ಕಲ್ಲುಗಳನ್ನು ಮದರಾಸಿನ ಬಂದರಿನ ಬೀದಿಯಲ್ಲಿ ಬುಟ್ಟಿಗಟ್ಟಲೆ ಮಾರುವುದನ್ನು ಕಂಡಿದ್ದೆ. ಹಡಗಿಳಿದ ಮೇಲೆ ಕೊಂಡಿರಬೇಕು, ಗುಡ್ಡ ಹತ್ತಿದ್ದೂ ಇಲ್ಲ ಏನೂ ಇಲ್ಲ ಎಂದುಕೊಂಡೆ.

ಆ ವಾರವೇ ನಾನೂ ನಮ್ಮವ್ವನೂ ಅವರ ಜೊತೆ ಸಿರುಗುಪ್ಪಕ್ಕೆ ಹೋದೆವು. ದೊಡ್ಡವ್ವ ಅಳಲಿಲ್ಲ. ಮಾವನನ್ನು ಎದುರಿಗೆ ಕೂಡಿಸಿಕೊಂಡು, ತಂತಿ ಬಂದ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಕೇಳಿದಳು.

“ಯಪ್ಪಾ, ನನ್ನ ಮಗನ್ನ ಸುಟ್ರೋ, ಮಣ್ಣು ಮಾಡಿದ್ರೋ?”

ನಮ್ಮೊಳಗೆ ಸುಡುವುದಿಲ್ಲ. ಕೊರಳಿನ ಲಿಂಗವನ್ನು ಅಂಗೈಗೆ ಕೊಟ್ಟು, ಕೂಡಿಸಿ, ಸುತ್ತ ವಿಭೂತಿ ತುಂಬಿ ಮಣ್ಣು ಮಾಡುತ್ತಾರೆ. ಮಗ ಸತ್ತ ಎನ್ನುವುದನ್ನು ಆಕೆ ಹೇಗೋ ನುಂಗಿಕೊಂಡಿದ್ದಳು. ಸುಟ್ಟಿದ್ದಾರೆ ಎನ್ನುವುದು ಮಾತ್ರ ಆಕೆಯಿಂದ ಆಗುವಂತಿರಲಿಲ್ಲ. ಮಾವ ನಮ್ಮವ್ವನ ಮುಖ ನೋಡಿದರು, ನೆಲ ನೋಡಿದರು.

“ಮಣ್ಣಽ ಮಾಡೀವಿ, ಅವ್ವಾ.”

“ಕುಂದ್ರಿಸಿ?”

“ಹೂಂ. ಕುಂದ್ರಿಸಿ.”

“ಲಿಂಗ ಎಡಗೈಯಾಗ ಕೊಟ್ರಲ್ಲ?”

“ಎಡಗೈಯಾಗಽ ಕೊಟ್ವಿ.”

“ಇಬೂತಿ? ಆ ದೇಶದಾಗ ಇಬೂತಿ ಎಲ್ಲಿಂದ ತಂದ್ರಿ?”

ಅಲ್ಲಿಯವರೆಗೆ ಉತ್ತರವನ್ನೆಲ್ಲ ಆಕೆಯ ಪ್ರಶ್ನೆಯೇ ಒದಗಿಸಿತ್ತು. ಇದಕ್ಕೆ ಒದಗಿಸಲಿಲ್ಲ. ಮಾವ ಅಂಗಿಯ ಜೇಬಿಗೆ ಕೈ ಹಾಕಿದರು.

“ಅವ್ವಾ, ಅಲ್ಲೊಂದು ಗುಡ್ಡ ಐತಿ. ಗುಡ್ಡಕ್ಕ ಗುಡ್ಡಾನಽ ಇಬೂತಿ. ನಾವಿಬ್ರೂ ಒಪ್ಪತ್ತು ನಡದು ಹತ್ತಿದ್ವಿ. ಅದರಾಗಽ ಕುಂದ್ರಿಸೀವಿ ಅವನ್ನ. ಇದು ಅಲ್ಲೀ ಕಲ್ಲು. ಜ್ವಾಕಿಲೆ ಇಟ್ಕೋ. ನೀರು ಮಾತ್ರ ಮುಟ್ಟಿಸಬ್ಯಾಡ.”

ದೊಡ್ಡವ್ವ ಕಲ್ಲನ್ನು ಕಣ್ಣಿಗೊತ್ತಿಕೊಂಡಳು. ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ಆಮೇಲೆ ಗುಡ್ಡದ ಕತೆಯನ್ನು ಮೊದಲಿನಿಂದ ಹೇಳಿಸಿದಳು. ರೊಟ್ಟಿಯ ಮಾತು ಬಂದಾಗ ಮತ್ತೊಮ್ಮೆ ಹೇಳು ಎಂದಳು. ಮತ್ತೊಮ್ಮೆ ಹೇಳಿದರು. “ಕರಕೊಂಡು ಹೋಗತೀನಿ ಅಂದ್ನಾ? ನನ್ನನ್ನ?” ಎಂದಳು.

ನಾವು ಹತ್ತಿರದ ಕುರುಗೋಡಿನ ಗುಡ್ಡ ಹತ್ತಿದ್ದು ಆ ಮಾತಿನಿಂದ. ಆ ದೇಶಕ್ಕೆ ಹೋಗಲಾಗದು, ಎಂಥ ಗುಡ್ಡ ಎಂದಾದರೂ ತೋರಿಸು ಎಂದು ಆಕೆ ಹಟ ಹಿಡಿದಳು. ಒಂದು ಬೆಳಗ್ಗೆ ನಾವು ಮೂವರು ಬಸ್ಸಿಳಿದು ಬಂಡಿ ಹಿಡಿದು ಅಲ್ಲಿಗೆ ಹೋದೆವು. ದೊಡ್ಡವ್ವನ ಸೊಂಟದ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ನೀರಿನ ತಂಬಿಗೆ. ಮಾವ ಒಂದು ಕೋಲು ಮುರಿದುಕೊಂಡು ಮುಂದೆ ನಡೆದರು. ಆ ಇಟಲಿಯ ಮುದುಕ ಹೇಗೆ ನಡೆಯುತ್ತಿದ್ದನೋ ಹಾಗೆ, ಬೆನ್ನು ಬಾಗಿಸಿ, ಹತ್ತು ಮಾರಿಗೊಮ್ಮೆ ತಿರುಗಿ ನಿಂತು, ಕೋಲಿನಿಂದ ತೋರಿಸುತ್ತ. ಇಲ್ಲಿಗೆ ಮರ ಮುಗೀತಾವ. ಇಲ್ಲಿ ಮೂಗು ಕಟ್ಟಿಕೋಬೇಕು. ದೊಡ್ಡವ್ವ ನಿಜಕ್ಕೂ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ನಗು ಬರಬೇಕಿತ್ತು... ಬಂದ ನೆನಪಿಲ್ಲ.

ಏರುವಷ್ಟರಲ್ಲಿ ಬಿಸಿಲು ಬಲಿತಿತ್ತು. ಬಳ್ಳಾರಿ ಸೀಮೆಯ ಬೇಸಿಗೆಯ ಬಂಡೆ, ಕೇಳಬೇಕೇ. ದೊಡ್ಡವ್ವ ಕೂರಲು ಹೋಗಿ ಅಂಗೈ ಊರಿ, ಚುರ್ರೆಂದು ತೆಗೆದಳು.

“ಯಪ್ಪಾ, ಅಲ್ಲಿ ಇಷ್ಟು ಕಾವು ಇತ್ತೇನು?”

“ಇದ್ಯಾವ ಕಾವವ್ವಾ! ಇದರ ಹತ್ತು ಪಾಲು” ಎಂದರು ಮಾವ, ಕತೆಯ ಹುರುಪಿನಲ್ಲಿ.

ಆಕೆಯ ಮುಖ ಬದಲಾಯಿತು. “ಅಂಥಾ ಕಾವಿನಾಗ ನನ್ನ ಮಗನ್ನ ಕುಂದ್ರಿಸಿ ಬಂದ್ಯಾ?”

ಮಾವ ಕೋಲು ಹಿಡಿದು ನಿಂತೇ ಇದ್ದರು. “ಇಲ್ಲವ್ವಾ, ಇಲ್ಲ. ಅದು ಮ್ಯಾಲ. ಅವ ಇರೋದು ಕೆಳಗ, ಹಳೇ ಬೂದ್ಯಾಗ. ಅಲ್ಲಿ ತಣ್ಣಗೈತಿ. ಆಣಿ ಮಾಡಿ ಹೇಳತೀನಿ, ತಣ್ಣಗೈತಿ” ಎಂದರು. ಆಕೆ ತಂಬಿಗೆಯ ನೀರನ್ನೆಲ್ಲ ಬಂಡೆಗೆ ಸುರಿದಳು. ನಾವು ನೋಡುತ್ತಿದ್ದಂತೆ ಅದು ಅಂಚಿನಿಂದ ಒಳಕ್ಕೆ ಆರುತ್ತ ಹೋಯಿತು. ಆಮೇಲೆ ಆ ಜಾಗದಲ್ಲಿ ಕೂತು ರೊಟ್ಟಿ ಮುರಿದು ನಮಗಿಬ್ಬರಿಗೂ ಕೊಟ್ಟಳು. ಕುಡಿಯಲು ನೀರಿರಲಿಲ್ಲ. ಒಣ ಗಂಟಲಲ್ಲೇ ತಿಂದು ಇಳಿದೆವು.

ಆ ಮೇಲೆ ಮಾವನಿಗೆ ಬಳ್ಳಾರಿ–ಸಿರುಗುಪ್ಪ ಬಸ್ಸಿನ ಕೆಲಸ ಸಿಕ್ಕಿತು. ಪೆಟ್ರೋಲು ಸಿಗದ ಕಾಲ, ಹಿಂದೆ ಇದ್ದಿಲಿನ ಒಲೆ ಕಟ್ಟಿದ ಬಸ್ಸು. “ಡ್ರೈವರಣ್ಣಾ, ನಿನ್ನ ಬೆಂಕಿಗುಡ್ಡ ಹೊಂಟಿತೇನು, ಇಲ್ಲಾ ಇನ್ನೂ ಉಗುಳಬೇಕೇನು?” ಎಂದು ಪ್ಯಾಸೆಂಜರುಗಳು ಕಾಡುತ್ತಿದ್ದರು. ಬಸ್ಸು ದೊಡ್ಡವ್ವನ ಮನೆಯ ಮುಂದೆಯೇ ಹಾಯಬೇಕು. ಆಕೆ ದಿನವೂ ಹಿತ್ತಾಳೆಯ ಲೋಟದಲ್ಲಿ ಮಜ್ಜಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

“ಕಲ್ಲಿಗೆ ನೀರು ಹಾಕಬ್ಯಾಡ ಅಂತಿ. ಹಂಗಾರ ಅವನ ಪಾಲಿಂದು ನೀನಽ ಕುಡಿ. ತಂಪಾಗ್ಲಿ.”

ಮಾವ ಇಂಜಿನ್ ನಿಲ್ಲಿಸದೆ, ಮೇಲಿನ ಸೀಟಿನಿಂದ ಬಾಗಿ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದು ಕೊಡುತ್ತಿದ್ದರು. ರಜೆಗೆ ಬಂದಾಗಲೆಲ್ಲ ನಾನಿದನ್ನು ಕಂಡಿದ್ದೇನೆ. ಕುಡಿದ ಮೇಲೆ ತೆಕ್ಕಲಕೋಟೆ ಬರುವವರೆಗೆ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಒಮ್ಮೆ ಮಾಲೀಕರು ಮೋಕದ ಕಡೆಯ ಬಸ್ಸು ಕೊಡುತ್ತೇನೆಂದಾಗ, ಆ ದಾರಿ ಇದಕ್ಕಿಂತ ಬಹಳ ಹಗುರವಾಗಿದ್ದರೂ ಮಾವ ಬೇಡವೆಂದರು. ಯಾಕೆಂದು ನನಗೆ ಆಗ ತಿಳಿದಿರಲಿಲ್ಲ.

ಐವತ್ತನೇ ಇಸವಿಯ ಆಚೀಚೆ ದೊಡ್ಡವ್ವ ತೀರಿಕೊಂಡಳು. ಕಲ್ಲನ್ನು ತನ್ನ ಮಡಿಲಲ್ಲಿಟ್ಟು ಮಣ್ಣು ಮಾಡಬೇಕೆಂದು ಹೇಳಿ ಹೋಗಿದ್ದಳು. ಕುಣಿಯ ಹತ್ತಿರ ಹಿರಿಯರೊಬ್ಬರು ತಕರಾರು ತೆಗೆದರು.

“ಯಾವ ದೇಶದ ಕಲ್ಲೋ ಏನೋ. ಲಿಂಗದ ಜೋಡಿ ಅದು ಯಾಕ?”

ಅಲ್ಲಿಯವರೆಗೆ ದೂರ ನಿಂತಿದ್ದ ಮಾವ ಜನರ ನಡುವೆ ಬಂದು ಕೈಮುಗಿದರು. “ಕೊಡ್ರಿ ಯಜಮಾನ್ರ, ನಿಮ್ಮ ಕಾಲಿಗೆ ಬೀಳತೀನಿ. ಅಕಿ ಕೇಳಿದ್ದು ಅದೊಂದಽ.” ಯಜಮಾನರು ಪಕ್ಕಕ್ಕೆ ಸರಿದರು. ನಾನು ಕಲ್ಲನ್ನು ಕ್ರಿಯೆ ಮಾಡುತ್ತಿದ್ದ ಅಯ್ಯನವರ ಕೈಗೆ ಕೊಟ್ಟೆ. ಅವರು ಅದನ್ನು ದೊಡ್ಡವ್ವನ ಮಡಿಲಲ್ಲಿಟ್ಟರು. ವಿಭೂತಿ ಸುರಿದಂತೆ ಮೊದಲು ಕಲ್ಲು ಮರೆಯಾಯಿತು, ಆಮೇಲೆ ಆಕೆಯ ಕೈ.

ಸಂಜೆಯ ಬಸ್ಸಿನಲ್ಲಿ ಮಾವನ ಪಕ್ಕದ ಸೀಟಿನಲ್ಲಿ ಬಳ್ಳಾರಿಗೆ ಹೊರಟೆ. ಆಗ ಪೆಟ್ರೋಲಿನ ಬಸ್ಸು ಬಂದಿತ್ತು. ತೆಕ್ಕಲಕೋಟೆ ದಾಟಿದ ಮೇಲೆ ರೇಡಿಯೇಟರ್ ಕಾದು, ಹಳ್ಳದ ಹತ್ತಿರ ನಿಂತಿತು. ನೀರು ತರಲು ಇಬ್ಬರೂ ಇಳಿದೆವು.

“ಅಳಿಯಾ, ಅವತ್ತು ನೀನು ಬೋಗುಣಿ ನೀರು ತಂದಿದ್ರ ನಾ ನಿನ್ನ ಹೊಡದಽ ಬಿಡತಿದ್ದೆ.”

“ಯಾವತ್ತು, ಮಾವಾ?”

ಅವರು ಡಬ್ಬಿ ತುಂಬುತ್ತ, ನನ್ನ ಕಡೆ ನೋಡದೆ ಹೇಳಿದರು. “ಸುಟ್ಟೀವಿ ಅವನ್ನ. ಆಸ್ಪತ್ರಿ ಹವಾಲ್ದಾರ ಕೇಳಿದ್ದು ಒಂದಽ ಮಾತು. ‘ಹಿಂದೂ?’ ಅಂದ. ‘ಜೀ, ಹಿಂದೂ’ ಅಂದೆ. ನಮ್ಮ ಮನ್ಯಾಗ ಸುಡತಾರ, ನನಗ ಬ್ಯಾರೆ ಏನೂ ಹೊಳೀಲಿಲ್ಲ. ಉರಿ ಹತ್ತಿದ ಮ್ಯಾಲ ಅವನ ಕೊರಳಾಗಿನ ಲಿಂಗ ನೆನಪಾತು. ಅಯ್ಯೋ, ಇವರೊಳಗ ಮಣ್ಣು ಮಾಡತಾರಲ್ಲ... ಆಗ ಏನು ಮಾಡ್ಲಿ ಹೇಳು, ಆರಸ್ಲೇನು?”

“ಹಂಗಾರ ಬೆಂಕಿಗುಡ್ಡ ಹತ್ತಿದ್ದು?” ಎಂದೆ.

“ಅದು ಖರೆ. ಅದೊಂದಽ ಖರೆ. ಆ ಕಲ್ಲು ಆರಿಸಿದವನಽ ಅವ. ‘ನಮ್ಮವ್ವನ ಹಿಮ್ಮಡ ಒಡದಾವ, ತಿಕ್ಕಾಕ ಬೇಕಾಗತೈತಿ’ ಅಂತ ಜೇಬಿನಾಗ ಹಾಕ್ಕೊಂಡ. ಅವನ ಬೂದಿ ತಣ್ಣಗಾದ ಮ್ಯಾಲ ಒಂದು ಹಿಡಿ ಎತ್ತಿಟ್ಕೊಂಡು, ಅದರ ತೂತಿನಾಗ ತುಂಬಿದೆ. ಮ್ಯಾಲ ಮೇಣ ಕರಗಿಸಿ ಮುಚ್ಚಿದೆ, ನೀರು ಹೊಕ್ಕು ತೊಳಕೊಂಡು ಹೋಗಬಾರದಂತ.” ಡಬ್ಬಿಯ ಮುಚ್ಚಳ ಒತ್ತಿದರು. “ಇವತ್ತು ಮಣ್ಣು ಮಾಡಿದಂಗಾತು. ಅವರವ್ವನ ಮಡಲಾಗ, ಇಬೂತ್ಯಾಗ. ಆತಲ್ಲ, ಅಳಿಯಾ? ಅದು ಲೆಕ್ಕಕ್ಕ ಬರತೈತಲ್ಲ?”

ಬರುತ್ತದೆ ಎಂದು ನಾನು ಹೇಳಿದೆನೆಂದು ನನ್ನ ನೆನಪು. ಹೇಳಿದೆನೇ? ಬಸ್ಸಿನಿಂದ ಯಾರೋ “ಮುಗೀತೇನ್ರಪ್ಪಾ ಗಂಗಾಪೂಜೆ?” ಎಂದು ಕೂಗಿದ್ದು ಚೆನ್ನಾಗಿ ಕೇಳಿಸುತ್ತದೆ. ಮಾವ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಡಬ್ಬಿ ಎತ್ತಿಕೊಂಡು ನಡೆದದ್ದು ಕಾಣುತ್ತದೆ. ನನ್ನ ಉತ್ತರ ಮಾತ್ರ ಕೇಳಿಸುವುದಿಲ್ಲ. ಬೂದಿ ತುಂಬಿದ ಮಾತನ್ನೇ ನಾನು ಆಮೇಲೆ, ನನ್ನ ಸಮಾಧಾನಕ್ಕೆ, ಸೇರಿಸಿಕೊಂಡಿದ್ದರೆ? ಆದರೆ ಮೇಣ ಇತ್ತು. ಮೇಣವನ್ನು ನನ್ನ ಬೆರಳು ಮುಟ್ಟಿತ್ತು.

ಮುಂದೆ ಜಿಲ್ಲೆ ಒಡೆದು ಆದವಾನಿ ಆಂಧ್ರಕ್ಕೆ ಹೋಯಿತು. ಮಾವನ ಬಂಧುಬಳಗವೆಲ್ಲ ಆ ಕಡೆ. ಅವರೂ ಮನೆ ಖಾಲಿ ಮಾಡಿ ಹೋದರು. ನಾನು ಆಗ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ಅವರು ತೀರಿಕೊಂಡ ಸುದ್ದಿ ಯಾರದೋ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಬಹಳ ತಡವಾಗಿ ತಿಳಿಯಿತು. ಸಿರುಗುಪ್ಪದ ದಾರಿಯಲ್ಲಿ ಈಗಲೂ ಕೆಲವು ಸಲ ಹೋಗುತ್ತೇನೆ. ದೊಡ್ಡವ್ವನ ಮನೆ ಇದ್ದಲ್ಲಿ ಗೊಬ್ಬರದ ಅಂಗಡಿ ಬಂದಿದೆ.

ಬಕೆಟ್ಟಿನ ಮುಂದೆ ಕೂತು ಕಲ್ಲನ್ನು ಇನ್ನೊಮ್ಮೆ ಒತ್ತಿದೆ. ಮತ್ತೆ ಎದ್ದು ಬಂತು.

“ತೇಲತೈತಿ, ಮಾವಾ” ಎಂದೆ.

ಹೊರಗಿನಿಂದ ಸೊಸೆ ಬಾಗಿಲು ತಟ್ಟಿದಳು. “ಯಾರ ಜೋಡಿ ಮಾತಾಡಾಕ ಹತ್ತೀರಿ, ಮಾವಾ? ನೀರು ಆರ್ಯಾವೇನು, ಕಾಸಿಕೊಡ್ಲೇನು?”

ಬೇಡವೆಂದೆ. ಕಲ್ಲನ್ನು ಎತ್ತಿ, ಟವೆಲ್ಲಿನಿಂದ ಒರೆಸಿ, ಒಣಗಲು ಕಿಟಕಿಯಲ್ಲಿಟ್ಟೆ.