ಹೊಗೆ ಕಾಣದ ಹೊಗೆಗೂಡು

ಮೊನ್ನೆ ಎದುರುಮನೆಯವರು ಗೋಡೆಗೆ ಸುಣ್ಣ ಬಳಿಸುತ್ತಿದ್ದರು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದ ಬಂಗಲೆ ಚಿಕ್ಕಮ್ಮನ ಪಡಸಾಲೆ ಕಣ್ಣಮುಂದೆ ಬಂತು... ನಮಗೆ ಅವರು ನೆಂಟರೇನಲ್ಲ, ಪಕ್ಕದ ಮನೆಯವರು. ಆದರೆ ಇಡೀ ಬೀದಿಗೇ ಚಿಕ್ಕಮ್ಮ.

ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯಿಂದ ಅವರ ಮಾವ ಕೊಂಡುಕೊಂಡ ಬಂಗಲೆ ಅದು. ಆಳೆತ್ತರದ ಕಿಟಕಿಗಳು, ಕಮಾನಿನ ಬಾಗಿಲು, ಕಡಿದಾದ ಹೆಂಚಿನ ಮಾಡು, ಅದರ ನೆತ್ತಿಯ ಮೇಲೊಂದು ಹೊಗೆಗೂಡು. ಪಡಸಾಲೆಯ ಗೋಡೆಯಲ್ಲಿ, ಹೂಬಳ್ಳಿ ಕೆತ್ತಿದ ಕಲ್ಲಿನ ಚೌಕಟ್ಟಿನೊಳಗೆ ದೊಡ್ಡದೊಂದು ಗೂಡು. ಇಷ್ಟು ಚೆಂದದ್ದು ದೇವರಿಗಲ್ಲದೆ ಇನ್ಯಾರಿಗೆ ಎಂದು ಮನೆಯವರು ಅಲ್ಲಿ ಮನೆದೇವರನ್ನು ಕೂರಿಸಿಬಿಟ್ಟಿದ್ದರು. ಮೇಲಿನಿಂದ ಗಾಳಿ ನುಗ್ಗಿ ದೀಪ ಆರುತ್ತಿತ್ತು. ಚಿಕ್ಕಮ್ಮ ಆ ಕಿಂಡಿಗೆ ಗೋಣಿಚೀಲ ತುರುಕಿ, ದೇವರಿಗೆ ನೆಗಡಿಯಾಗದಂತೆ ನೋಡಿಕೊಂಡಿದ್ದರು.

ಗಂಡ ತೀರಿಕೊಂಡ ಮೇಲೆ ಮೈದುನನಿಗೆ ಬಂಗಲೆ ಕೆಡವಿ ಕಲ್ಯಾಣ ಮಂಟಪ ಕಟ್ಟಿಸುವ ಹುಚ್ಚು ಹಿಡಿಯಿತು. ಚಿಕ್ಕಮ್ಮ ಅಳುತ್ತ ಕೂರುವ ಪೈಕಿಯಲ್ಲ. ಹಳೆಯ ಕಟ್ಟಡಗಳನ್ನು ಕಾಪಾಡುವ ಕಚೇರಿಗೆ ಅರ್ಜಿ ಹಾಕಿಸಿದರು. ಅಧಿಕಾರಿ ಬಂದರು. ಮೂಲ ಕಟ್ಟಡ ಕೆಡದೆ ಉಳಿದಿದ್ದರೆ ಮಾತ್ರ ರಕ್ಷಣೆ ಎಂದರು. ಗೂಡಿನ ಮುಂದೆ ನಿಂತು ನಗು ತಡೆಯಲಾರದೆ, ಇದು ದೊರೆಗಳು ಸೌದೆ ಉರಿಸಿ ಚಳಿ ಕಾಯಿಸಿಕೊಳ್ಳುತ್ತಿದ್ದ ಒಲೆ ಎಂದರು. ಮೈದುನ ಮೀಸೆಯಡಿ ನಕ್ಕ. ಒಲೆ ದೇವರಗೂಡಾಗಿದೆ ಎಂದರೆ ಮೂಲ ಕೆಟ್ಟಂತೆಯೇ ಎಂದು ಅವನ ಲೆಕ್ಕ.

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡರು. "ಬೆಂಕಿ ಹಚ್ಚಾಕೆ ಮಾಡಿದ್ದಾ? ನಾನೂ ದಿನಾ ದೀಪ ಹಚ್ತೀನಲ್ರೀ. ಸಣ್ಣ ಬೆಂಕಿ, ಅಷ್ಟೇ."

ಅಧಿಕಾರಿ ಬಿದ್ದು ಬಿದ್ದು ನಕ್ಕರು. ಆಮೇಲೆ ಕಲ್ಲಿನ ಬಳ್ಳಿಯ ಮೇಲೆ ಮೆಲ್ಲಗೆ ಕೈಯಾಡಿಸಿದರು. ಬೇರೆಡೆ ಜನ ಇಂಥದ್ದನ್ನು ಒಡೆದು ಬೀರು ಮಾಡಿಕೊಂಡಿದ್ದರಂತೆ. ಇಲ್ಲಿ ದೇವರಿದ್ದಾನೆಂದು ಯಾರೂ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

ಕೆಲವು ತಿಂಗಳಲ್ಲಿ ಆದೇಶ ಬಂತು, ಬಂಗಲೆ ಉಳಿಯಿತು. ಚಿಕ್ಕಮ್ಮ ಬೀದಿಗೆಲ್ಲ ಹೋಳಿಗೆ ಊಟ ಹಾಕಿದರು. ಮೈದುನನಿಗೆ ತುಪ್ಪ ಒಂದು ಮಿಳ್ಳೆ ಹೆಚ್ಚೇ ಬಿತ್ತು. ಅವನೂ ಕೊನೆಗೆ ನಕ್ಕುಬಿಟ್ಟ. ಅಷ್ಟು ಖುಷಿಯ ಊಟ ನಾನು ಮತ್ತೆ ಉಂಡಿಲ್ಲ...

ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಚಿಕ್ಕಮ್ಮ ತೀರಿಕೊಂಡು ವರ್ಷಗಳೇ ಆದವು. ಗೋಡೆ, ಕಮಾನು, ಮಾಡು ಎಲ್ಲ ಗಟ್ಟಿಯಾಗಿವೆ. ಕಾವಲುಗಾರ ಗೇಟು ತೆರೆಯುತ್ತ, "ಇದು ಇಂಗ್ಲಿಷ್ ದೊರೆ ಮನೆ ರೀ" ಎಂದ.

"ನಮ್ಮ ಚಿಕ್ಕಮ್ಮನ ಮನೆ ಕಣಪ್ಪ" ಎಂದೆ. ಚಪ್ಪಲಿ ಬಿಟ್ಟು ಪಡಸಾಲೆಯ ಕಡೆಗೆ ನಡೆದೆ.