ಕಣ್ಣು ಮುಚ್ಚಿ ನೋಡಿದ ಟೇಪ್‌ರೆಕಾರ್ಡರ್

ಚಾಮರಾಜಪೇಟೆಯಲ್ಲಿ ಹಳೇ ರೇಡಿಯೋ, ಟೇಪ್‌ರೆಕಾರ್ಡರ್ ಮಾರುತ್ತಿದ್ದ ಅಂಗಡಿಯವರದು ಯಾವಾಗಲೂ ಒಂದೇ ಮಾತು: "ಆತುರ ಯಾಕೆ ತಾಯಿ?" ಬೆಲೆ ಕೇಳಿದರೆ ಮೊದಲು ಸೆಟ್ಟಿನ ಧೂಳು ಒರೆಸುತ್ತಿದ್ದರು.

ನಮ್ಮತ್ತೆಗೆ ಕಣ್ಣು ಮಂಜು. ಭಜನಾ ಮಂಡಳಿಯಲ್ಲಿ ತಾವೇ ಹಾಡಿದ ದೇವರನಾಮದ ಕ್ಯಾಸೆಟ್ ಕೇಳದಿದ್ದರೆ ಊಟ ಸೇರದು. ಮನೆಯ ಟೇಪ್‌ರೆಕಾರ್ಡರ್ ಕೆಟ್ಟಿತ್ತು. ಅಂಗಡಿಯಲ್ಲಿದ್ದ ಒಂದರ ಬೆಲೆಯನ್ನು ಚೌಕಾಸಿ ಮಾಡಿ ಮಾಡಿ ಇಳಿಸಿದೆ. ದುಡ್ಡು ತೆಗೆಯುವಾಗ ಯಾರಿಗೆಂದು ಕೇಳಿದರು, ಅತ್ತೆಯ ಕಣ್ಣಿನ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಗುಂಡಿಗಳನ್ನು ತಡವಿದರು.

"ಎಲ್ಲಾ ಒಂದೇ ಥರ ಇವೆ. ಅಮ್ಮನೋರು ಪ್ಲೇ ಬದಲು ರೆಕಾರ್ಡ್ ಒತ್ತಿಬಿಟ್ರೆ ಹಾಡೇ ಅಳಿಸಿಹೋಗುತ್ತೆ. ಇದು ಬೇಡ, ಬೇರೆ ಸಿಗೋವರೆಗೂ ಕಾಯಿರಿ."

"ಇಷ್ಟು ಹೊತ್ತು ಚೌಕಾಸಿ ಮಾಡಿಸ್ಕೊಂಡು ಈಗ ಹೇಳ್ತೀರಲ್ಲಾ!"

"ಆತುರ ಯಾಕೆ ತಾಯಿ?"

ಶ್ರಾವಣ ಕಳೆದ ಮೇಲೆ ಅವರೇ ಫೋನ್ ಮಾಡಿದರು. ಪ್ಲೇ ಗುಂಡಿ ಮಾತ್ರ ಅಗಲವಾಗಿರುವ ಸೆಟ್ಟು ಸಿಕ್ಕಿತ್ತು. ಬೆಲೆ ಜಾಸ್ತಿಯೇ. ರಾಯರ ದಯೆ, ಅವತ್ತು ಚೌಕಾಸಿಗೆ ನನಗೆ ಬಾಯಿ ಬರಲಿಲ್ಲ.

ಅತ್ತೆ ತಡವಿ ಒತ್ತಿದರು. ಅವರ ಹಾಡೇ ಬಂತು.

"ಎಷ್ಟು ಕೊಟ್ಟೆ?"

ಹೇಳಿದೆ.

"ಅಯ್ಯೋ, ಚೆನ್ನಾಗಿ ಟೋಪಿ ಹಾಕಿದಾನೆ! ಈಗಲೇ ವಾಪಸ್ ಕೊಟ್ಟು ಬಾ" ಅಂದರು, ಎರಡೂ ಕೈಯಲ್ಲಿ ಸೆಟ್ಟನ್ನು ತೊಡೆಯ ಮೇಲೆ ಎಳೆದುಕೊಂಡು.