ಎಷ್ಟು ಬಾರ್ ಬೇಕು?

ನಮ್ಮನೆಯವರು ಬಾಡಿಗೆಗೆ ಓಡಿಸುವ ಟರ್ಬೊ ಕಾರಿನ ಕಂಪ್ಯೂಟರ್ ಕೆಟ್ಟಿತ್ತು. ಬೇರೆ ಕಂಪನಿಯದು ಹಾಕಿಸಲು ಚಾಮರಾಜನಗರಕ್ಕೆ ಹೋದೆವು. ಇಂಜಿನ್ ಸುಟ್ಟರೆ ನಮ್ಮ ಅನ್ನವೂ ಸುಟ್ಟಂತೆ.

"ಈ ಕಂಪ್ಯೂಟರ್ ಜೊತೆಗೆ ಹಾಕೋ ಸೆನ್ಸರ್ ಎರಡು ಬಾರ್‌ದು ಕೊಡ್ಲಾ, ಮೂರು ಬಾರ್‌ದಾ?" ಎಂದು ಅಂಗಡಿಯವನು ಇವರನ್ನು ಕೇಳಿದ. ಕೂಸನ್ನು ಎತ್ತಿಕೊಂಡಿದ್ದ ನಾನೇ ಬಾಯಿ ಹಾಕಿದೆ. "ಒಂದು ಬಾರ್ ಕಂಡ್ರೇ ಮನೆ ದಾರಿ ಮರೀತಾರೆ ಇವ್ರು. ಎರಡೇ ಜಾಸ್ತಿ ಕಣಣ್ಣ."

ಅವನು ನಗಲಿಲ್ಲ. "ಅಕ್ಕ, ಬಾರ್ ಅಂದ್ರೆ ಗಾಳಿ ಒತ್ತಡದ ಅಳತೆ. ನಿಮ್ಮ ಟರ್ಬೊ ಇಂಜಿನ್ ಒಳಕ್ಕೆ ಗಾಳೀನ ಎರಡು ಬಾರ್‌ಗಿಂತ ಜಾಸ್ತಿ ಒತ್ತುತ್ತೆ. ಚಿಕ್ಕದು ಹಾಕಿದ್ರೆ ಕಂಪ್ಯೂಟರ್‌ಗೆ ಅದು ಗೊತ್ತಾಗಕ್ಕಿಲ್ಲ. ಪೆಟ್ರೋಲ್ ಸಾಲ್ದೆ ಇಂಜಿನ್ ಬೆಂದೋಯ್ತದೆ."

"ಹಂಗಾದ್ರೆ ಮೂರೇ ಕೊಟ್ಬುಡಣ್ಣ" ಅಂದೆ.

ಎಲ್ಲ ಹಾಕಿಸಿಕೊಂಡು ಹೊರಟ ಮೇಲೆ, ನಮ್ಮೂರು ಗುಂಡ್ಲುಪೇಟೆ ಮುಟ್ಟುವವರೆಗೂ ಕಾರು ಒಂದು ಸಲವೂ ಕೆಮ್ಮಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಇವರು ಮಾತ್ರ ನಗು ಅದುಮಿಟ್ಟುಕೊಂಡು ದಾರಿಯುದ್ದಕ್ಕೂ ಕೆಮ್ಮುತ್ತಿದ್ದರು.